ಕೆರೆಯಂಗಳದ ರೇಸಿನ ಮಾಸ್ಟರು

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದಿತ್ತು. ನಾನಾಗ ಶೆಟ್ಟಿಕೆರೆ ಕಡೆಯ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಸ್ಟಾಕ್‌ಮನ್. ದನಗಳಿಗೆ ಸೂಜಿ ಹಾಕುವುದು, ಗಾಯ ತೊಳೆಯುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವುದು ನನ್ನ ಕೆಲಸ. ನಿಜವಾದ ಡಾಕ್ಟರು ಅಪರೂಪಕ್ಕೆ ಮುಖ ತೋರಿಸುತ್ತಿದ್ದುದರಿಂದ ಜನ ನನ್ನನ್ನೇ ಡಾಕ್ಟ್ರು ಎನ್ನುತ್ತಿದ್ದರು. ನಾನೂ ಅಲ್ಲ ಎನ್ನುತ್ತಿರಲಿಲ್ಲ.

ಸೋದರಮಾವನ ಹಳೆಯ ಬೈಕೊಂದು ನನ್ನ ಪಾಲಿಗೆ ಬಂದಿತ್ತು. ಡಾಂಬರು ರಸ್ತೆಯಲ್ಲಿ ನನ್ನಂಥ ಸವಾರನಿಲ್ಲ ಎಂದುಕೊಂಡಿದ್ದೆ. ಆದರೆ ದನಗಳು ಡಾಂಬರು ರಸ್ತೆಯಲ್ಲಿ ಕಾಯಿಲೆ ಬೀಳುವುದಿಲ್ಲವಲ್ಲ. ತೋಟದ ಬದುವಿನ ಮೇಲೆ, ಗಾಡಿಜಾಡಿನ ಮರಳಿನಲ್ಲಿ, ಉತ್ತ ಹೊಲದ ಅಂಚಿನಲ್ಲಿ ಹೋಗಬೇಕು. ಒಂದೇ ತಿಂಗಳಲ್ಲಿ ಮೂರು ಸಲ ಬಿದ್ದೆ. ಮೂರನೆಯದು ಆಗತಾನೆ ನೀರು ಕಟ್ಟಿದ್ದ ತೆಂಗಿನ ಪಾತಿಗೆ. ಕೆಸರು ಮೆತ್ತಿಕೊಂಡು ಎದ್ದು ನಿಂತರೆ, ಎಮ್ಮೆಗೆ ಹೊಟ್ಟೆಯುಬ್ಬರವೆಂದು ನನ್ನನ್ನು ಕರೆಸಿದ್ದ ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

"ಎಮ್ಮೆ ಆಮ್ಯಾಕಾಯ್ತದೆ ಬುಡ್ರಿ. ಮೊದ್ಲು ಈ ಡಾಕ್ಟ್ರುನ್ನ ಯಾರಾದ್ರೂ ನೋಡ್ರಪ್ಪ."

ಬೈಕಿನ ಬಗ್ಗಿದ ಹ್ಯಾಂಡಲ್ಲನ್ನು ನೆಟ್ಟಗೆ ಮಾಡಿಸಲು ತಿಪಟೂರಿಗೆ ಹೋದಾಗ ಗ್ಯಾರೇಜಿನ ಮೆಕ್ಯಾನಿಕ್ ನನ್ನ ಮೊಣಕೈಯ ಗಾಯ ನೋಡಿ ಹೇಳಿದ: "ಇಲ್ಲೊಬ್ರು ಮಾಸ್ಟ್ರು ಅವ್ರೆ ಕಣ್ರೀ. ಮದ್ರಾಸು, ಪೂನಾ ಎಲ್ಲಾ ಕಡೆ ಮಣ್ಣಿನ ರೇಸ್ ಹೊಡ್ದೋರು. ಸೊಂಟ ಮುರ್ಕಂಡು ಬುಟ್ರು. ಈಗ ಹೆಂಡ್ತಿ ಮನೆ ತೋಟ್ದಾಗೆ ಇದ್ಕಂಡು ಭಾನ್ವಾರ ಹುಡುಗ್ರಿಗೆ ಹೇಳ್ಕೊಡ್ತಾರೆ. ಮೋಟೊಕ್ರಾಸ್ ಅಂತಾರಂತೆ ಅದುನ್ನ."

ಹಳ್ಳ ದಿಣ್ಣೆಗಳ ಮಣ್ಣಿನ ಹಾದಿಯಲ್ಲಿ ಬೈಕು ಹಾರಿಸುವುದಕ್ಕೂ ಒಂದು ಹೆಸರಿದೆ, ಅದನ್ನು ಕಲಿಸುವುದಕ್ಕೂ ಒಬ್ಬ ಮನುಷ್ಯನಿದ್ದಾನೆ ಎಂದು ನನಗೆ ಗೊತ್ತಾದದ್ದು ಹಾಗೆ.

ಆ ಭಾನುವಾರ ಬೆಳಿಗ್ಗೆ ತುರುವೇಕೆರೆ ರಸ್ತೆಯ ಪಕ್ಕದ ಬತ್ತಿದ ಕೆರೆಯಂಗಳಕ್ಕೆ ಹೋದೆ. ಜಾಲಿಮರದ ಕೆಳಗೆ ಮಡಿಸುವ ಕುರ್ಚಿಯಲ್ಲಿ ಮಾಸ್ಟರು ಕುಳಿತಿದ್ದರು. ವಯಸ್ಸು ನಲವತ್ತೈದರ ಆಸುಪಾಸು, ಬೆಲ್ಟಿನಿಂದಾಚೆಗೆ ಬಂದಿದ್ದ ಹೊಟ್ಟೆ, ಕಪ್ಪು ಕನ್ನಡಕ, ಕೈಯಲ್ಲಿ ಎಳನೀರು. ಸುತ್ತ ಮೂವರು ಶಿಷ್ಯರು. ಮೂವರೂ ಕೊಬ್ಬರಿ ಮಂಡಿ ಸಾಹುಕಾರರ ಮಕ್ಕಳು. ಮೊದಲನೆಯವನು ಸುಡುಬೇಸಗೆಯಲ್ಲಿ ಚರ್ಮದ ಜಾಕೀಟು ತೊಟ್ಟು ಬೆವರುತ್ತಿದ್ದ. ಎರಡನೆಯವನು ಸೈಲೆನ್ಸರ್ ಬಿಚ್ಚಿಸಿಬಿಟ್ಟಿದ್ದ; ಬೈಕು ಓಡದಿದ್ದರೂ ಊರಿಗೆಲ್ಲ ಓಡುತ್ತಿದೆ ಎಂದು ಗೊತ್ತಾದರೆ ಅವನಿಗೆ ಸಾಕಾಗಿತ್ತು. ಮೂರನೆಯವನು ಇಪ್ಪತ್ತರವನು, ಮೆತ್ತಗಿನವನು. ಉಳಿದಿಬ್ಬರು ನಕ್ಕ ಮೇಲೆ ತಾನೂ ನಗುತ್ತಿದ್ದ.

"ಏನ್ ಕೆಲ್ಸ ನಿಮ್ದು?" ಎಂದು ಮಾಸ್ಟರು ಕೇಳಿದರು. ಹೇಳಿದೆ.

"ದನಿನ್ ಡಾಕ್ಟ್ರಾ! ರೇಸಿಗೆ ಬತ್ತೀರೋ, ಎಮ್ಮೆ ಹಿಂದೆ ಬತ್ತೀರೋ?"

ಮೂವರೂ ನಕ್ಕರು. ಮೂರನೆಯವನು ಸ್ವಲ್ಪ ತಡವಾಗಿ.

ಅಂದು ಅವರು ನನ್ನನ್ನು ಬೈಕು ಹತ್ತಲೇ ಬಿಡಲಿಲ್ಲ. ಬೈಕನ್ನು ನೆಲಕ್ಕೆ ಮಲಗಿಸಿ, ಎತ್ತಿ ನಿಲ್ಲಿಸು ಎಂದರು. ಎತ್ತಿದೆ. ಮತ್ತೆ ಮಲಗಿಸಿದರು. ಹೀಗೆ ಬಿಸಿಲೇರುವವರೆಗೂ. ಮುಂದಿನ ವಾರ ಫುಟ್‌ರೆಸ್ಟಿನ ಮೇಲೆ ನಿಂತು ನಡಿಗೆಯ ವೇಗದಲ್ಲಿ ಕೆರೆಯಂಗಳ ಸುತ್ತಿಸಿದರು. ಸೀಟಿಗೆ ಕುಂಡಿ ತಾಗಿದರೆ ಕುರ್ಚಿಯಿಂದಲೇ ಬೈಗುಳ ಬರುತ್ತಿತ್ತು. ನಡುನಡುವೆ ತಮ್ಮ ರೇಸಿನ ಕಥೆಗಳು. ಒಂದು ವಾರದ ಕಥೆಯಲ್ಲಿ ಹನ್ನೊಂದು ಜನರನ್ನು ಹಿಂದೆ ಹಾಕಿದರೆ, ಮುಂದಿನ ವಾರ ಅದೇ ರೇಸಿನಲ್ಲಿ ಹದಿನೇಳು ಜನರನ್ನು ಹಾಕುತ್ತಿದ್ದರು. ಇವನೊಬ್ಬ ಬುರುಡೆದಾಸ ಎಂದು ನಾನು ತೀರ್ಮಾನಿಸಿದೆ. ಎಳನೀರು ಕುಡಿಯಲು ಹಳ್ಳಿಯ ದಡ್ಡರನ್ನು ಹಿಡಿದಿದ್ದಾನೆ, ಅವರಲ್ಲಿ ನಾನು ನಾಲ್ಕನೆಯವನು ಎಂದುಕೊಂಡೆ.

ನಾಲ್ಕನೆಯ ವಾರ ಮರಳಿನಲ್ಲಿ ಮತ್ತೆ ಬಿದ್ದೆ. ರೇಗಿಹೋಯಿತು.

"ಮಾಸ್ಟ್ರೇ, ಈ ಬೈಕಲ್ಲಿ ಇದು ಆಗೋ ಕೆಲ್ಸ ಅಲ್ಲ. ಆಗೋದಾದ್ರೆ ನೀವೇ ತೋರ್ಸಿ" ಎಂದೆ.

ಅವರು ಎಳನೀರು ಕೆಳಗಿಟ್ಟರು. ಸೊಂಟ ಹಿಡಿದುಕೊಂಡು ಎದ್ದರು, ಕುಂಟುತ್ತಾ ಬಂದು ನನ್ನ ಬೈಕು ಹತ್ತಿದರು. ಹತ್ತಿದ ಮೇಲೆ ಆ ಸೊಂಟವೂ ಇಲ್ಲ, ಹೊಟ್ಟೆಯೂ ಇಲ್ಲ. ಮಂಡಿಗಳು ಟ್ಯಾಂಕನ್ನು ಅಪ್ಪಿದ್ದವು, ಮೊಣಕೈಗಳು ಹದ್ದಿನ ರೆಕ್ಕೆಯ ಹಾಗೆ ಅಗಲವಾಗಿದ್ದವು. ನಾನು ಬಿದ್ದ ಅದೇ ಮರಳಿನಲ್ಲಿ ಮೈಯನ್ನು ಹಿಂದಕ್ಕೆ ವಾಲಿಸಿ, ಆಕ್ಸಿಲರೇಟರಿನ ಗ್ಯಾಸನ್ನು ಒಂದೇ ಸಮ ಹಿಡಿದು ದಾಟಿಹೋದರು. ತಿರುವಿನಲ್ಲಿ ಟ್ಯಾಂಕಿನ ಹತ್ತಿರಕ್ಕೆ ಜರುಗಿ, ಒಳಗಿನ ಕಾಲನ್ನು ಮುಂದಕ್ಕೆ ಚಾಚಿ, ಬೈಕನ್ನು ಮಲಗಿಸಿ ಎತ್ತಿದರು. ಪಕ್ಕದ ಉತ್ತ ಹೊಲದ ಸಾಲುಗಳ ಮೇಲೆ ಬೈಕು ಕುಣಿಯುತ್ತಿತ್ತು, ಅವರ ತಲೆ ಮಾತ್ರ ಬಿಂದಿಗೆ ಹೊತ್ತ ಹೆಂಗಸಿನ ತಲೆಯ ಹಾಗೆ ಅಲ್ಲಾಡಲಿಲ್ಲ. ಸದ್ದಿಲ್ಲ, ಆಡಂಬರವಿಲ್ಲ. ನನ್ನ ಮುಂದೆ ತಂದು ನಿಲ್ಲಿಸಿದರು.

"ಬೈಕಿಗೇನಾಗಿಲ್ಲ. ಮೇಲೆ ಕೂರೋನಿಗೆ ಆಗಿರೋದು. ನೀವು ಗುಂಡಿ ನೋಡ್ತೀರ, ಅದಕ್ಕೇ ಗುಂಡಿಗೆ ಹೋಗ್ತೀರ. ಹೋಗ್ಬೇಕಾದ್ ಕಡೆ ನೋಡ್ರಿ."

ಆ ದಿನದಿಂದ ನಾನು ಬಾಯಿ ಮುಚ್ಚಿಕೊಂಡು ಕಲಿತೆ. ಮಳೆಗಾಲ ಬರುವ ಹೊತ್ತಿಗೆ ಬದುವಿನ ಮೇಲೆ ಔಷಧಿಯ ಪೆಟ್ಟಿಗೆ ಕಟ್ಟಿಕೊಂಡು ಹೋಗುವುದು ನನಗೆ ನಡಿಗೆಯಷ್ಟು ಸಲೀಸಾಗಿತ್ತು. ಮಂಡಿಯವರ ಮಕ್ಕಳಿಗೆ ಮಾತ್ರ ಇವೆಲ್ಲ ಬೇಡ. ಅವರಿಗೆ ಹಾರುವುದೊಂದೇ ಬೇಕು. ಮಾಸ್ಟರಿಗೂ ಅವರನ್ನು ಬಿಟ್ಟರೆ ಎಳನೀರು ತಂದುಕೊಡುವವರು, ಮಾಸ್ಟ್ರೇ ಮಾಸ್ಟ್ರೇ ಎಂದು ಊರೆಲ್ಲ ಹೊಗಳುವವರು ಇರಲಿಲ್ಲ. ಅವರ ಕಪ್ಪು ಕನ್ನಡಕದ ಹಿಂದೆ ಇದ್ದದ್ದು ಹೊಗಳಿಕೆಯ ಹಸಿವು. ಅದು ನನಗೆ ಕಾಣುತ್ತಿತ್ತು. ಕಂಡು ಒಳಗೊಳಗೇ ನಗುತ್ತಿದ್ದೆ.

ಆ ವರ್ಷ ಊರಿನ ಯುವಕರ ಸಂಘದವರು ತಮ್ಮ ವಾರ್ಷಿಕೋತ್ಸವಕ್ಕೆ ಬೈಕು ಹಾರಿಸುವ ಪ್ರದರ್ಶನ ಇಡಬೇಕೆಂದರು. ಮಾಸ್ಟರು ಉಬ್ಬಿಹೋದರು. ಆ ಮಳೆಗಾಲದಲ್ಲೂ ನೀರು ಬಾರದ ಕೆರೆಯಂಗಳದಲ್ಲಿ ಆಳೆತ್ತರದ ಮಣ್ಣಿನ ದಿಬ್ಬ ಎದ್ದಿತು. ಪ್ರದರ್ಶನದ ಹಿಂದಿನ ದಿನ ದಿಬ್ಬ ನೋಡಲು ಮಾಸ್ಟರು, ನಾನು ಇಬ್ಬರೇ ಹೋಗಿದ್ದೆವು. ನಾನು ಆ ಮೂರನೆಯ ಹುಡುಗನ ಬಗ್ಗೆ ಕೇಳಿದೆ.

"ಅವನಿಗಿನ್ನೂ ಆರ್ ತಿಂಗ್ಳು ಬೇಕು. ಗಾಳೀಲಿ ಹೆದ್ರಿ ಗ್ಯಾಸ್ ಬುಟ್ಬುಡ್ತಾನೆ. ಬೈಕಿನ ಮೂತಿ ಕೆಳಕ್ ಬತ್ತದೆ. ನಾಳೆ ಅವ್ನನ್ನ ಹಾರ್ಸಲ್ಲ" ಎಂದರು.

ಮರುದಿನ ಬೆಳಿಗ್ಗೆ ಶಾಮಿಯಾನ, ಮೈಕು, ಮಾಲೆ ಹಾಕಿಸಿಕೊಳ್ಳಲೆಂದೇ ಹುಟ್ಟಿದಂತಿದ್ದ ಒಬ್ಬ ಪುಢಾರಿ. ಜಾಕೀಟಿನವನು ಹಾರಿದ, ನೆಟ್ಟಗೆ ಇಳಿದ. ಸೈಲೆನ್ಸರಿಲ್ಲದವನು ದಿಬ್ಬದ ತನಕ ಗುಡುಗಿಕೊಂಡು ಹೋಗಿ ಪಕ್ಕಕ್ಕೆ ತಿರುಗಿಸಿಕೊಂಡು ಬಂದ. ಜನ ಹೋ ಎಂದು ನಕ್ಕರು. ಪುಢಾರಿ ಮಾಸ್ಟರ ಕಡೆ ಬಗ್ಗಿ, "ಇಷ್ಟೇನಾ?" ಎಂದ. ನಾನು ಅವರ ಹಿಂದೆಯೇ ನಿಂತಿದ್ದೆ.

ಮಾಸ್ಟರು ಮೂರನೆಯವನ ಕಡೆ ಕೈ ಬೀಸಿದರು. "ಲೇ, ನೀನ್ ಹೋಗ್ಲಾ. ಹಾರು."

ಹುಡುಗ ಒಂದು ಸಲ ಅವರ ಮುಖ ನೋಡಿದ. "ಮಾಸ್ಟ್ರೇ, ನಾನಾ?"

"ಹೂಂ ಕಣ್ಲಾ, ಹೋಗು!"

ಅವನು ಹಾರಿದ. ಗಾಳಿಯಲ್ಲಿ ಎಂಜಿನಿನ ಸದ್ದು ಒಮ್ಮೆಗೇ ಸತ್ತಿತು. ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿಯಿತು. ಅವನು ಹ್ಯಾಂಡಲ್ಲಿನ ಮೇಲಿಂದ ಬಿದ್ದ, ಬೈಕು ಅವನ ತೊಡೆಯ ಮೇಲೆ ಬಿತ್ತು.

ನಾನು ಓಡಿದೆ. ತೊಡೆಯ ಮೂಳೆ ಮುರಿದಿರುವುದು ನೋಡಿದ ಕೂಡಲೇ ತಿಳಿಯಿತು. ಹೋರಿಯ ಕಾಲಾದರೇನು, ಮನುಷ್ಯನ ಕಾಲಾದರೇನು, ಅಲ್ಲಾಡಿಸಬಾರದು. ತೋಟದಿಂದ ಒಣಗಿದ ತೆಂಗಿನ ಗರಿ ತರಿಸಿ, ಅದರ ದಿಂಡನ್ನು ಸೀಳಿ ಎರಡು ಪಕ್ಕಕ್ಕೆ ಇಟ್ಟು, ಟವೆಲುಗಳಿಂದ ಬಿಗಿದೆ. ಅವನು ನನ್ನ ಅಂಗಿಯನ್ನು ಹಿಡಿದುಕೊಂಡಿದ್ದ, ಅಳಲಿಲ್ಲ. ಪುಢಾರಿಯ ಜೀಪು ಆಗಲೇ ಹೊರಟುಹೋಗಿತ್ತು. ಕಾಯಿ ತುಂಬುವ ಟೆಂಪೊ ಒಂದು ಸಿಕ್ಕಿತು. ತಿಪಟೂರಿನ ಆಸ್ಪತ್ರೆಗೆ ಅದರಲ್ಲೇ ಹೋದೆವು. ಮಾಸ್ಟರನ್ನು ಹುಡುಕಿದೆ. ಮಡಿಸುವ ಕುರ್ಚಿಯೂ ಇರಲಿಲ್ಲ, ಮಾಸ್ಟರೂ ಇರಲಿಲ್ಲ.

ಸಂಜೆ ಹುಡುಗನ ತಂದೆ ಆಸ್ಪತ್ರೆಯ ಹಜಾರದಲ್ಲಿ ನಿಂತಿದ್ದಾಗ ಮಾಸ್ಟರು ಬಂದರು. ಹೊಸ ಅಂಗಿ ಹಾಕಿಕೊಂಡಿದ್ದರು. ಹಣೆಯ ಮೇಲೆ ವಿಭೂತಿ.

"ಯಾರು ಹಾರು ಅಂದೋರು ನನ್ ಮಗನ್ನ?" ಎಂದು ತಂದೆ ಕೇಳಿದರು.

"ನಾನು ಬ್ಯಾಡ ಅಂದಿದ್ದೆ ಸಾಹುಕಾರ್ರೇ. ನಿನ್ನೇನೇ ಹೇಳಿದ್ದೆ. ಡಾಕ್ಟ್ರುನ್ನ ಕೇಳಿ" ಎಂದು ಮಾಸ್ಟರು ನನ್ನ ಕಡೆ ತಿರುಗಿದರು. "ಹುಡುಗ್ ಬುದ್ಧಿ, ಜನ ನೋಡಿ ತಾನಾಗೇ ಹೋಗ್ಬುಟ್ಟ."

ಎಂಥ ಜಾಣತನ! ನಿನ್ನೆ ಹೇಳಿದ್ದು ನಿಜ. ಆ ನಿಜದ ಬಾಲಕ್ಕೆ ಸುಳ್ಳನ್ನು ಕಟ್ಟಿ, ಎರಡನ್ನೂ ನನ್ನ ಕೈಗೆ ಕೊಟ್ಟಿದ್ದರು. ತಂದೆ ನನ್ನ ಮುಖ ನೋಡಿದರು. ಬಾಗಿಲಾಚೆ ಮಂಚದ ಮೇಲೆ ಮಲಗಿದ್ದ ಹುಡುಗನೂ ನೋಡುತ್ತಿದ್ದ.

"ಬ್ಯಾಡ ಅಂದಿದ್ದು ಹೌದು ಸ್ವಾಮಿ. ಇವತ್ತು... ಗಲಾಟೇಲಿ ನಂಗೆ ಏನೂ ಕೇಳಿಸ್ಲಿಲ್ಲ" ಎಂದೆ.

ಯಾಕೆ ಹಾಗೆಂದೆ ಎಂದು ಬಹಳ ಜನಕ್ಕೆ ಬಹಳ ಥರ ಹೇಳಿಕೊಂಡಿದ್ದೇನೆ. ಗುರುವಿನ ಮೇಲಿನ ಗೌರವ ಎಂದೂ ಹೇಳಿದ್ದುಂಟು. ಎಲ್ಲ ಸುಳ್ಳು. ಕೆರೆಯ ಏರಿಯಿಂದ ಕಡಿದಾಗಿ ಇಳಿಯುವುದನ್ನು ಅವರು ನನಗಿನ್ನೂ ಕಲಿಸಿರಲಿಲ್ಲ. ಕಂದಿಕೆರೆ ಕಡೆಯ ಗುಡ್ಡದ ಹಟ್ಟಿಗಳಿಗೆ ಹೋಗಲು ಅದು ನನಗೆ ಬೇಕಿತ್ತು. ಅಷ್ಟೇ ಕಾರಣ. ಅವರನ್ನು ಹೊಗಳಿಕೆಗೆ ಬಾಯಿಬಿಡುವವರು ಎಂದು ಮನಸ್ಸಿನಲ್ಲೇ ಹೀಯಾಳಿಸುತ್ತಿದ್ದ ನಾನು ಅದಕ್ಕಿಂತ ಅಗ್ಗಕ್ಕೆ ಮಾರಿಹೋಗಿದ್ದೆ.

ಮುಂದಿನ ಭಾನುವಾರ ನಾನೊಬ್ಬನೇ ಹೋದೆ. ಹೋದೆ ಎಂದು ಬರೆಯಲು ಈಗಲೂ ನಾಚಿಕೆ. ಮಾಸ್ಟರು ಏನೂ ಆಗದವರಂತೆ ಏರಿಯ ಮೇಲೆ ನಿಂತು ಕಲಿಸಿದರು. ಹಿಂದಕ್ಕೆ ಕೂತ್ಕೊಳ್ಳಿ, ಮುಂದಿನ ಬ್ರೇಕ್ ಎರಡೇ ಬೆರಳಲ್ಲಿ, ಕ್ಲಚ್ ಮುಟ್ಟಬೇಡಿ. ಚೆನ್ನಾಗಿಯೇ ಕಲಿಸಿದರು. ಅಷ್ಟು ಚೆನ್ನಾಗಿ ಕಲಿಸುವ ಮನುಷ್ಯ ಇಷ್ಟು ಕೀಳಾಗಿರುವುದು ಹೇಗೆ ಎಂದು ನಾನು ಇಳಿಯುತ್ತಾ ಯೋಚಿಸಲಿಲ್ಲ. ಏರಿಯನ್ನು ನೋಡಿಕೊಂಡಿದ್ದೆ.

ಮೂರು ತಿಂಗಳ ಮೇಲೆ ಆ ಹುಡುಗನನ್ನು ಮಂಡಿಯ ಮುಂದೆ ಕಂಡೆ. ಕಂಕುಳಲ್ಲಿ ಕೋಲು. ಒಂದು ಕಾಲು ಗಿಡ್ಡವಾಗಿತ್ತು. ಹೇಗಿದ್ದೀಯಪ್ಪ ಎಂದೆ.

"ನಿಮಗೆ ಕೇಳಿಸ್ತು ಕಣ್ರೀ. ನೀವು ಅವ್ರ ಬೆನ್ನಿಗೇ ಇದ್ರಿ" ಎಂದ. ಸಿಟ್ಟಿರಲಿಲ್ಲ. ದಾರಿ ಕೇಳಿದವರಿಗೆ ಊರು ತೋರಿಸಿದ ಹಾಗೆ ಹೇಳಿ ಒಳಕ್ಕೆ ಹೋದ.

ಮರುದಿನ ಮಂಡಿಗೆ ಹೋಗಿ, ಕೊಬ್ಬರಿ ವಿಂಗಡಿಸುತ್ತಿದ್ದ ಅವನ ತಂದೆಗೆ ನಡೆದದ್ದನ್ನು ಹೇಳಿದೆ. ಅವರು ಕೈಯ ಕೆಲಸ ನಿಲ್ಲಿಸಲಿಲ್ಲ. ಒಂದು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ, ಬೂಷ್ಟು ಹಿಡಿದಿದೆಯೆಂದು ಪಕ್ಕಕ್ಕೆ ಎಸೆದರು.

"ಈಗ ಹೇಳಿದ್ರೆ ಕಾಲು ಉದ್ದಾಯ್ತದಾ ಡಾಕ್ಟ್ರೇ?"

"ಇಲ್ಲ."

"ಮತ್ತೆ? ನಿಮ್ ಮನ್ಸು ಹಗುರ ಮಾಡ್ಕಳಕ್ ಬಂದ್ರಿ. ಆಯ್ತು, ಹೋಗ್ಬುಟ್ಟು ಬನ್ನಿ."

ಅಲ್ಲಿಂದ ನೇರ ಮಾಸ್ಟರ ತೋಟಕ್ಕೆ ಹೋಗಿ, ಸಾಹುಕಾರರಿಗೆ ಸತ್ಯ ಹೇಳಿಬಂದೆ ಎಂದೆ. ಅವರು ನಕ್ಕರು. "ಏರಿ ಇಳಿಯೋದು ಕಲ್ತಾದ್ಮೇಲೆ ಹೇಳಿದ್ರಾ? ಭೇಷ್!"

ನಾನು ಬೈಕು ತಿರುಗಿಸಿಕೊಂಡು ಬಂದೆ. ಒಂದೆರಡು ತಿಂಗಳಲ್ಲಿ ಅವರು ಊರು ಬಿಟ್ಟರು. ಹಾಸನದ ಕಡೆ ಹೊಸ ಶಿಷ್ಯರು ಸಿಕ್ಕಿದ್ದಾರೆಂದು ಮೆಕ್ಯಾನಿಕ್ ಹೇಳಿದ. ಅಲ್ಲಿಯೂ ಒಂದು ಜಾಲಿಮರ, ಒಂದು ಪುಢಾರಿ ಸಿಕ್ಕಿರಬೇಕು.

ಆ ಹುಡುಗ ತಂದೆಯ ನಂತರ ಮಂಡಿ ನೋಡಿಕೊಂಡ. ತೋಟದ ಮನೆಯಲ್ಲಿ ನಾಲ್ಕು ಹಸು ಕಟ್ಟಿದ. ನಾನು ಆ ಭಾಗದಲ್ಲಿ ಇರುವವರೆಗೂ ಅವನ ಹಸುಗಳಿಗೆ ನಾನೇ ಹೋಗುತ್ತಿದ್ದೆ. ಆಳನ್ನು ಕಳಿಸಿ ಕರೆಸುತ್ತಿದ್ದ, ಬೇರೆಯವರನ್ನು ಕರೆಸಲಿಲ್ಲ. ಬಿಸಿನೀರು, ಸೋಪು, ಒಗೆದ ಟವೆಲು ತಾನೇ ಕುಂಟಿಕೊಂಡು ತಂದು ಇಡುತ್ತಿದ್ದ. ಹಸುವಿನ ವಿಷಯ ಎಷ್ಟು ಬೇಕೋ ಅಷ್ಟು ಮಾತು. ನಾನು ಬೈಕು ಶುರು ಮಾಡುವಾಗ ಮಾತ್ರ ಕೊಟ್ಟಿಗೆಯೊಳಕ್ಕೆ ಹೋಗಿಬಿಡುತ್ತಿದ್ದ. ಹದಿನಾರು ವರ್ಷದಲ್ಲಿ ಒಂದು ಸಲವೂ ಅವನು ಗೇಟಿನ ತನಕ ಬರಲಿಲ್ಲ. ಬಾ ಎನ್ನುವ ಧೈರ್ಯ ನನಗೂ ಇರಲಿಲ್ಲ.