ಮಿಸ್ತ್ರಿಯವರ ಬಲಗಾಲು

ಅವರ ಬಲಗಾಲಿನ ಹೆಬ್ಬೆರಳು ಎಡಗಾಲಿನದಕ್ಕಿಂತ ಅಗಲವಾಗಿತ್ತು. ಉಗುರಿನ ಸಂದಿಯಲ್ಲಿ ಯಾವ ಸಾಬೂನಿಗೂ ಬಗ್ಗದ ಗ್ರೀಸು. ರೋಣದಲ್ಲಿದ್ದ ಅವರ ಕಾರು ರಿಪೇರಿಯ ತಗಡಿನ ಶೆಡ್ಡಿಗೆ ಯಾರ ಕಾರೇ ಬರಲಿ, ಮಿಸ್ತ್ರಿಯವರು ಮೊದಲು ಚಪ್ಪಲಿ ಬಿಟ್ಟು ಆಮೇಲೆ ಒಳಗೆ ಕೂರುತ್ತಿದ್ದರು. ಗುಡಿಯೊಳಗ ಹೊಕ್ಕಂಗ ಹೊಕ್ತಾರ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು.

"ಚಪ್ಪಲಿ ಹಾಕ್ಕೊಂಡ್ರ ಬ್ರೇಕಿನ ಮಾತು ಕಾಲಿಗೆ ಕೇಳಂಗಿಲ್ರಿ, ಮಾಸ್ತರ್ರ," ಎಂದು ಶಾಲೆಯ ಮಾಸ್ತರನಾದ ನನಗೆ ಹೇಳುತ್ತಿದ್ದರು.

ಅವರ ಪರೀಕ್ಷೆ ಸರಳ. ಎಂಜಿನ್ ಬಂದ್ ಇರುವಾಗ ಬ್ರೇಕನ್ನು ಐದಾರು ಸಲ ತುಳಿಯುವರು. ಪೆಡಲ್ ಬಿಗಿಯಾದ ಮೇಲೆ ಕಾಲನ್ನು ಅಲ್ಲೇ ಒತ್ತಿಟ್ಟು ಎಂಜಿನ್ ಚಾಲೂ ಮಾಡುವರು. ಪೆಡಲ್ ತುಸು ಕೆಳಗಿಳಿದರೆ ಕಾಲಿಗೆ ಬಲ ಕೊಡುವ ಬೂಸ್ಟರ್ ಸರಿಯಿದೆ. ಇಳಿಯದಿದ್ದರೆ ಬೂಸ್ಟರೋ ಅದರಿಂದ ಗಾಳಿ ಎಳೆಯುವ ರಬ್ಬರ್ ಪೈಪೋ ಕೆಟ್ಟಿದೆ. ಆ ಪೈಪನ್ನು ಪ್ರತಿ ಸಲವೂ ಬೆರಳಿನಿಂದ ಸವರಿ ನೋಡುವರು. ಸೀಳು ಸಿಕ್ಕರೆ ಬದಲಿಸದೆ ಗಾಡಿ ಬಿಡುತ್ತಿರಲಿಲ್ಲ. ನನ್ನ ಹಳೆಯ ಡೀಸೆಲ್ ಕಾರಿಗೂ ಹೊಸ ಪೈಪ್ ಹಾಕಿಕೊಟ್ಟು ಎಚ್ಚರಿಸಿದ್ದರು: "ಇಳಿಜಾರಿನ್ಯಾಗ ಎಂಜಿನ್ ಬಂದ್ ಮಾಡಬ್ಯಾಡ್ರಿ. ಎರಡ ಮೂರ ಸಲ ತುಳದ್ರ ಬೂಸ್ಟರಿನ ಜೋರು ಮುಗೀತೈತಿ. ಆಮ್ಯಾಲೆ ಬ್ರೇಕ್ ಕಲ್ಲ ಆಗ್ತೈತಿ."

ನಾನು ತಲೆಯಾಡಿಸಿದ್ದೆ. ಮೂರನೆಯ ದಿನವೇ ಗಜೇಂದ್ರಗಡದಿಂದ ಬರುವಾಗ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದೆ. ಡೀಸೆಲ್ ಉಳಿಸುವ ಈ ಜಾಣತನ ನಮ್ಮ ಕಡೆ ಅನೇಕರಿಗಿದೆ, ನನಗೆ ತುಸು ಹೆಚ್ಚೇ ಇತ್ತು. ಕುರಿಗಳು ಅಡ್ಡ ಬಂದವು. ತುಳಿದೆ, ಬಿಟ್ಟೆ, ಮತ್ತೆ ತುಳಿದೆ. ನಾಲ್ಕನೆಯ ಸಲಕ್ಕೆ ಪೆಡಲ್ ಅಲುಗಲಿಲ್ಲ. ಕಾರು ಸಣ್ಣ ಸೇತುವೆಯ ಕಟ್ಟೆಗೆ ಬಡಿಯಿತು. ಪಕ್ಕದಲ್ಲಿ ತೂಕಡಿಸುತ್ತಿದ್ದ ನನ್ನ ಹೆಂಡತಿಯ ಕೈ ಮುರಿಯಿತು.

ದವಾಖಾನೆಗೆ ಬಂದವರೆಲ್ಲ ಹೇಗಾಯಿತೆಂದು ಕೇಳಿದರು. "ಮಿಸ್ತ್ರಿ ಮೊನ್ನೆನ ಪೈಪ್ ಹಾಕ್ಯಾನ. ಬ್ರೇಕ ಹತ್ತಲಿಲ್ಲ," ಅಂದುಬಿಟ್ಟೆ. ಎದುರಿಗಿಲ್ಲದ ಆ ಹಿರಿಯರನ್ನು ಏಕವಚನಕ್ಕೂ ಇಳಿಸಿದ್ದೆ.

ಮರುದಿನ ಅವರೇ, ಕಾರು ತಂದು ನಿಲ್ಲಿಸಿದ್ದ ನಮ್ಮ ಮನೆಗೆ ಬಂದರು. ಹತ್ತು ಜನರೆದುರು, ಮೂತಿ ಜಜ್ಜಿದ ಕಾರಿನಲ್ಲಿ ಚಪ್ಪಲಿ ಬಿಟ್ಟು ಕೂತು, ತುಳಿದು, ಚಾಲೂ ಮಾಡಿದರು. ಪೆಡಲ್ ಇಳಿಯಿತು. ಹೊರಗೆ ಬಂದು ಮೆಲ್ಲಗೆ ಕೇಳಿದರು: "ಎಂಜಿನ್ ಚಾಲೂ ಇತ್ತೇನ್ರಿ, ಮಾಸ್ತರ್ರ?"

"ಇತ್ತು," ಎಂದೆ.

ನನ್ನ ಮುಖವನ್ನೊಮ್ಮೆ, ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. "ಹಂಗಾರ ನನಗ ತಿಳೀಲಿಲ್ಲ ಬಿಡ್ರಿ," ಎಂದು ಚಪ್ಪಲಿ ಮೆಟ್ಟಿ ನಡೆದರು.

ಊರು ಮಾಸ್ತರನ ಮಾತು ನಂಬಿತು. ಶೆಡ್ಡಿನ ಮುಂದೆ ಗಾಡಿಗಳು ಕಡಿಮೆಯಾದವು. ನಾನು ಆ ದಾರಿ ಬಿಟ್ಟು ಸುತ್ತಿ ಬಳಸಿ ಶಾಲೆಗೆ ಹೋಗತೊಡಗಿದೆ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತ ಎರಡು ವರ್ಷ ಕಳೆದೆ. ನಾಚಿಕೆಗೇಡು, ಆದರೂ ಬರೆಯುತ್ತೇನೆ: ಅವರು ತೀರಿಹೋದ ಸುದ್ದಿ ಕೇಳಿದಾಗ ದುಃಖಕ್ಕಿಂತ ಮೊದಲು ನನಗಾದದ್ದು ನಿರಾಳ.

ದುಃಖದಲ್ಲಿದ್ದ ಮನೆಯವರನ್ನು ಮಾತಾಡಿಸಲು ಅವರ ಮನೆಗೆ ಹೋದೆ. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರ ಹೆಂಡತಿ ಚಹಾ ಕೊಟ್ಟರು.

"ಅವರು ನಿಮ್ಮನ್ನ ಒಂದ ದಿನಾನೂ ಬೈಲಿಲ್ರಿ. ಮಾಸ್ತರ್ರು ಸುಳ್ಳ ಹೇಳಂಗಿಲ್ಲ, ನನ್ನ ಕಾಲಿಗೇ ಏನೋ ಆಗೈತಿ ಅಂತಿದ್ರು. ಆಮ್ಯಾಲೆ ಬ್ರೇಕಿನ ಕೆಲಸಾನ ಬಿಟ್ರು. ಚಪ್ಪಲಿ ಹಾಕ್ಕೊಂಡ ಗಾಡಿ ಹತ್ತತಿದ್ರು."

ಕಪ್ಪು ಕೆಳಗಿಟ್ಟೆ. "ಎಂಜಿನ್ ನಾನ ಬಂದ್ ಮಾಡಿದ್ನಿ, ಅಕ್ಕಾರ."

ಅವರು ಬಾಗಿಲ ಬಳಿ ಇನ್ನೂ ಇದ್ದ ಗಂಡನ ಚಪ್ಪಲಿಯ ಕಡೆ ನೋಡಿ, "ಇದನ್ನ ಅವರಿಗೆ ಹೇಳಬೇಕಿತ್ತಲ್ರೀ," ಎಂದರು.