ಅಕ್ಕ ಒಪ್ಪದ ಎರಡು ರನ್

ಜೋಳದ ಹಿಟ್ಟಿನ ಡಬ್ಬಿಯ ತಳ ಕೆರೆದಾಗ ಒಂದು ವಾಸನೆ ಬರುತ್ತದೆ. ತುಂಬಿದ ಡಬ್ಬಿಗೆ ಅದು ಇರುವುದಿಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಗಿರಣಿಯ ಬಿಸಿ, ಸ್ವಲ್ಪ ತಗಡು... ಮೊನ್ನೆ ಸಂಭಾಜಿನಗರದ ನಮ್ಮ ಅಡುಗೆಮನೆಯಲ್ಲಿ ಡಬ್ಬಿ ಬಗ್ಗಿಸಿಕೊಂಡು ಕೆರೆಯುತ್ತಿದ್ದೆ. ಮಗಳು ಬಂದು, "ಪೀಠ ಸಂಪಲಂ ಕಾ?" ಎಂದಳು, ಹಿಟ್ಟು ಮುಗಿಯಿತೇನು ಎಂದು. ಅವಳಿಗೆ ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಸರಿಯಾಗಿ ಬರುವುದಿಲ್ಲ.

"ಮುಗೀತು ಅನಬಾರದು. ಹೆಚ್ಚಾಗ್ಯಾದ ಅನ್ನು," ಎಂದು ಗದರಿದೆ.

"ಖಾಲಿ ಡಬ್ಬಾ ಹೆಚ್ಚ ಹ್ಯಾಂಗ, ಆಯಿ?" ಎಂದು ನಕ್ಕು ಹೋದಳು. ನಗಲಿ ಬಿಡಿ. ನಮ್ಮ ಧಾರವಾಡದ ಮನೆಯಲ್ಲೂ ಅನ್ನ, ಉಪ್ಪು, ಹಿಟ್ಟು ತೀರಿದರೆ 'ಹೆಚ್ಚಾಗಿದೆ' ಎಂದೇ ಹೇಳುತ್ತಿದ್ದೆವು. ಅದು ಬರೀ ರೂಢಿ. ಆ ಮಾತನ್ನು ಪ್ರಾಣಕ್ಕೆ ಹಚ್ಚಿಕೊಂಡಿದ್ದ ಒಬ್ಬರನ್ನು ಮಾತ್ರ ನಾನು ಕಂಡಿದ್ದೇನೆ. ಅವರು ನಾಸಿಕ್ ರೋಡಿನ ಖಾನಾವಳಿ ಅಕ್ಕ.

ಮೊಬೈಲು ಮಿಸ್ಡ್ ಕಾಲ್ ಕೊಡಲಿಕ್ಕಷ್ಟೇ ಇದ್ದ ಕಾಲ ಅದು. ಬ್ಯಾಂಕಿನ ವರ್ಗಾವಣೆಯ ಮೇಲೆ ನಾಸಿಕ್‌ಗೆ ಹೋಗಿದ್ದೆ. ಇನ್ನೂ ಮದುವೆಯಾಗಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಲೆ ಹಚ್ಚಲು ಅಪ್ಪಣೆ ಇರಲಿಲ್ಲ, ನನಗೂ ಅಡುಗೆಯ ಹುಮ್ಮಸ್ಸು ಅಷ್ಟಕ್ಕಷ್ಟೇ. ಯಾರೋ ದಾರಿ ತೋರಿಸಿದರು. ಹಳೆಯ ವಾಡೆಯೊಂದರ ಹಿಂಭಾಗದ ಎರಡು ಕೋಣೆಗಳಲ್ಲಿ ಅಕ್ಕ ಖಾನಾವಳಿ ಇಟ್ಟಿದ್ದರು. ಭಾಲ್ಕಿ ಕಡೆಯವರು. ಬೇಳೆ ವ್ಯಾಪಾರಕ್ಕೆಂದು ಗಂಡನ ಜೊತೆ ಬಂದು, ಗಂಡ ತೀರಿಕೊಂಡ ಮೇಲೆ ಇಲ್ಲಿಯೇ ಉಳಿದವರು. ಬೀದರ್, ಕಲಬುರಗಿಯಿಂದ ಬಂದು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹುಡುಗರೆಲ್ಲ ಅವರ ಪಂಕ್ತಿಗೇ ಬರುತ್ತಿದ್ದರು.

ನನ್ನನ್ನು ಗೌರವದಿಂದ 'ಬಾಯಾರ' ಎಂದೇ ಕರೆದರೂ ಅಕ್ಕನ ಬಾಯಿ ಭಾರಿ ಜೋರು. ಎರಡು ರೊಟ್ಟಿ ತಿಂದು ನಾನು ಏಳಲು ನೋಡಿದರೆ, "ಬಾಯಾರ, ಇಷ್ಟ ಉಂಡು ಬ್ಯಾಂಕಿನ ತಿಜೋರಿ ಹ್ಯಾಂಗ ತೆಗೀತೀರಿ? ಕೂಡ್ರಿ ಸುಮ್ಮ!" ಎಂದು ಒಲೆಯ ಮುಂದಿನಿಂದಲೇ ಕೂಗಿ, ತಾಟಿಗೆ ಇನ್ನೊಂದು ರೊಟ್ಟಿ ಎಸೆಯುತ್ತಿದ್ದರು. ಒಮ್ಮೆ ವಾರಗಟ್ಟಲೆ ಸಿಲಿಂಡರ್ ಸಿಗದಿದ್ದಾಗ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು, ಒಂದು ಹೊತ್ತೂ ತಪ್ಪಿಸದೆ ಎಲ್ಲರಿಗೂ ಉಣ್ಣಿಸಿದ್ದರು. ನನಗೆ ಜ್ವರ ಬಂದಾಗ ಗಂಜಿ, ಅದರ ಜೊತೆಗೆ ಬೈಗುಳ, ಎರಡೂ ಬಿಸಿಬಿಸಿಯಾಗಿ ಕೋಣೆಗೇ ಬಂದಿದ್ದವು.

ಹೀಗಿರುವಾಗ ವಾಡೆಯ ಮಾಲಕರು ಅದನ್ನು ಕೆಡವಿ ಫ್ಲ್ಯಾಟ್ ಕಟ್ಟಿಸುವುದಾಗಿ ಹೇಳಿದರು. ದೀಪಾವಳಿಯೊಳಗೆ ಜಾಗ ಬಿಡಬೇಕು. ಬೇರೆಡೆ ಬಾಡಿಗೆ ಕೈಗೆಟುಕುವಂತಿರಲಿಲ್ಲ. ಅಕ್ಕನ ಮುಖ ಆಗ ಇಳಿದಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಂಕ್ತಿಗೆ ಬರುತ್ತಿದ್ದವರಲ್ಲಿ ಸಿನ್ನರ್‌ನ ಒಂದು ಕಾರ್ಖಾನೆಯ ಸೂಪರ್‌ವೈಸರ್ ಇದ್ದರು, ಕಲಬುರಗಿಯವರು. ಅವರೇ ಸುದ್ದಿ ತಂದರು. ಅವರ ಕಾರ್ಖಾನೆಗೆ ಕ್ಯಾಂಟೀನ್ ನೋಡಿಕೊಳ್ಳುವವರು ಬೇಕು. ಅಡುಗೆಮನೆಯೂ ಇದೆ, ಪಕ್ಕದಲ್ಲಿ ಇರಲು ಕೋಣೆಯೂ ಇದೆ. ಆದರೆ ಒಪ್ಪಿಗೆ ಕೊಡುವ ಸಾಹೇಬರು ಚೆನ್ನೈನಿಂದ ಹೊಸದಾಗಿ ಬಂದವರು, ಅವರಿಗೆ ಮರಾಠಿ, ಹಿಂದಿ ಎರಡೂ ಬಾರದು. ಎರಡು ಮಾತು ಇಂಗ್ಲಿಷಿನಲ್ಲಿ ಆಡಿದರೆ ಕೆಲಸ ಆದಂತೆಯೇ.

"ನನಗ ಇಂಗ್ಲೀಷ್ ಕಲಿಸಿ ಕೊಡ್ರಿ ಬಾಯಾರ," ಎಂದು ಅಕ್ಕ ನನ್ನ ಬೆನ್ನು ಹತ್ತಿದರು.

ಊಟದ ಗದ್ದಲ ಮುಗಿದ ಮೇಲೆ, ಅವರು ಮರುದಿನದ ಪಲ್ಲೆ ಸೋಸುತ್ತ ಕೂತಾಗ ನಮ್ಮ ಶಾಲೆ. ಸಾಹೇಬರು ಏನು ಕೇಳಬಹುದು ಎಂದು ಯೋಚಿಸಿ ನಾನು ಆರಿಸಿಕೊಂಡದ್ದು 'ರನ್' ಎಂಬ ಒಂದೇ ಕ್ರಿಯಾಪದ. ಒಂದನ್ನು ಹಿಡಿದರೆ ಹತ್ತು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಲೆಕ್ಕ. ಗಡಿಯಾರ ರನ್ ಆಗುತ್ತದೆ, ಮಷೀನು ರನ್ ಆಗುತ್ತದೆ. ನಳದ ನೀರು ರನ್, ಸಿನ್ನರ್ ಬಸ್ಸು ರನ್, ನೆಗಡಿಯಾದರೆ ಮೂಗೂ ರನ್. ಕ್ರಿಕೆಟ್ಟಿನ ರನ್ ಅಂತೂ ಅವರಿಗೆ ಮೊದಲೇ ಗೊತ್ತಿತ್ತು.

ಅಕ್ಕ ಮೆಂತೆಯ ಕಟ್ಟು ಕೆಳಗಿಟ್ಟು ಗಲ್ಲದ ಮೇಲೆ ಕೈಯಿಟ್ಟರು. "ಅಯ್ಯ ಶಿವನ! ಮಷೀನೂ ಓಡ್ತದ, ನೀರೂ ಓಡ್ತದ, ಮೂಗೂ ಓಡ್ತದ! ಈ ಮಂದಿ ಕೂಡೂದು ಯಾವಾಗರಿ? ನಮ್ಮಲ್ಲಿ ನೋಡ್ರಿ, ಗಡಿಯಾರ ನಡೀತದ, ಅಂಗಡಿ ನಡೀತದ, ಸಂಸಾರ ನಡೀತದ. ಎಲ್ಲಾ ಸಾವಕಾಶ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ವರ್ಷ ಇಂಗ್ಲಿಷ್ ಓದಿದ ನನಗೆ ಇದು ಹೊಳೆದಿರಲಿಲ್ಲ. ಆದರೆ ಕಲಿಯುವುದರಲ್ಲಿ ಅವರು ಬಲು ಚುರುಕು. ರೊಟ್ಟಿ ಬಡಿಯುತ್ತ, "ಕ್ಲಾಕ್ ರನ್, ಬಸ್ ರನ್, ನೋಸ್ ರನ್," ಎಂದು ಬಡಿತದ ತಾಳಕ್ಕೆ ಹೇಳಿಕೊಳ್ಳುತ್ತಿದ್ದರು. ಹುಡುಗರು ಊಟ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು.

ಎರಡು ರನ್‌ಗಳಿಗೆ ಮಾತ್ರ ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಒಂದು 'ರನ್ ಔಟ್'. ಹಿಟ್ಟು ತೀರಿತು ಎನ್ನಲು ಹಾಗೆ ಹೇಳುತ್ತಾರೆ ಎಂದೆ. ಒಲೆಯ ಕಡೆ ನೋಡಿ ನನ್ನ ಬಾಯಿಗೇ ಕೈ ಅಡ್ಡ ತಂದರು. "ಉಣ್ಣೋ ಜಾಗಾದಾಗ ಅಂಥಾದ್ದು ಬಾಯಾಗ ಬರಬಾರದ್ರಿ. ಹೆಚ್ಚಾಗ್ಯಾದ ಅನ್ನಲಾಕ ಇಂಗ್ಲೀಷಿನಾಗ ಏನಂತಾರ, ಅದನ್ನ ಹೇಳ್ರಿ." ಆ ಪಾಠವನ್ನು ಅಲ್ಲಿಗೇ ಬಿಟ್ಟೆ.

ಇನ್ನೊಂದು, ಮುಖ್ಯವಾದದ್ದು. 'ಆಯ್ ರನ್ ಎ ಮೆಸ್.' ಖಾನಾವಳಿ ನಡೆಸುವವಳು ನಾನು.

"ಅದೊಂದು ಬ್ಯಾಡ್ರಿ," ಎಂದರು.

"ಯಾಕ್ರಿ ಅಕ್ಕಾರ? ಸಾಹೇಬ್ರು ಕೇಳೂದೇ ಅದನ್ನ."

"ಉಣಿಸೋ ಕೈ ನಾ ನಡಸ್ತೀನಿ ಅಂತಂದ್ರ ಒಲಿ ಮುನಿಸ್ಕೋತದ. ನಡಸಾಂವ ಮ್ಯಾಲ ಅದಾನ. ನಾ ಬರೀ ರೊಟ್ಟಿ ಬಡ್ಯಾಕಿ."

ದಿನದ ಮೊದಲ ರೊಟ್ಟಿಯನ್ನು ಎತ್ತಿ ಮಹಾದೇವನ ಹೆಸರಿನಲ್ಲಿ ಬದಿಗಿಟ್ಟ ಮೇಲೆಯೇ ಪಂಕ್ತಿಗೆ ನೀಡುತ್ತಿದ್ದ ಹೆಂಗಸು. ಗಂಡ ಹೋದಾಗ, ಊರವರು ವಾಪಸ್ಸು ಕರೆದಾಗ, ಅವನು ನಡೆಸುತ್ತಾನೆ ಎಂಬ ಒಂದೇ ಮಾತಿನ ಮೇಲೆ ಒಲೆ ಹೂಡಿದವರು. ನಾನು ಪರಿಪರಿಯಾಗಿ ಹೇಳಿದೆ, ಸುಮ್ಮನೆ ಪರೀಕ್ಷೆಗಾದರೂ ಅನ್ನಿ ಎಂದು ಗೋಗರೆದೆ. "ಪರೀಕ್ಷಾದಾಗ ಸುಳ್ಳ ಹೇಳಲಾಕ ಕಲಿಸ್ತೀರೇನ್ರಿ ಬಾಯಾರ?" ಎಂದು ಕಿವಿ ಹಿಂಡುವಂತೆ ನಕ್ಕುಬಿಟ್ಟರು.

ಸಿನ್ನರ್‌ಗೆ ನಾನೂ ರಜೆ ಹಾಕಿ ಜೊತೆಗೆ ಹೋದೆ. ಬಸ್ಸಿನಲ್ಲಿ ಅಕ್ಕ ಬುತ್ತಿಯ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಕಟಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಸಾಹೇಬರು ಬಹಳ ಸಭ್ಯಸ್ಥರು. ಚಮಚ ಬದಿಗಿಟ್ಟು ಕೈಯಿಂದಲೇ ಉಂಡರು, ಎರಡನೆಯ ಸಲ ಎಣ್ಣೆಗಾಯಿ ಹಾಕಿಸಿಕೊಂಡರು. ಕೆಲಸ ಆಯಿತು ಎಂದುಕೊಂಡೆ ನಾನು. ಕೈ ತೊಳೆದು ಬಂದು ಅವರು ಕೇಳಿದರು, "ಮೇಡಂ, ಹೂ ರನ್ಸ್ ಯುವರ್ ಮೆಸ್?"

ಪ್ರಶ್ನೆ ಅರ್ಥವಾದ ಖುಷಿಗೆ ಅಕ್ಕನ ಮುಖ ಅರಳಿತು. ಎರಡೂ ಕೈ ಜೋಡಿಸಿ ಮೇಲೆ ನೋಡಿದರು. "ಗಾಡ್ ರನ್, ಸರ್. ಆಯ್ ಓನ್ಲಿ ರೊಟ್ಟಿ."

ಸಾಹೇಬರು, ಇಷ್ಟೊಂದು ಮಂದಿ ಉಣ್ಣುವಾಗ ಊಟ 'ರನ್ ಔಟ್' ಆದರೆ ಏನು ಮಾಡುವಿರಿ ಎಂದರು. ಅಕ್ಕ ಗಾಬರಿಯಿಂದ ಡಬ್ಬಿಯ ಮೇಲೆ ಕೈಯಿಟ್ಟು, "ಸರ್! ನೋ ಸೇ!" ಎಂದು ಅವರನ್ನೇ ಗದರಿದರು.

ನಾನು ನಡುವೆ ಬಾಯಿ ಹಾಕಿ, ಇದು ನಮ್ಮ ಕಡೆಯ ಪದ್ಧತಿ, ಇವರು ಒಂದು ಹೊತ್ತೂ ಒಲೆ ಆರಿಸಿದವರಲ್ಲ ಎಂದು ಬಿಡಿಸಿ ಹೇಳಿದೆ. ಸಾಹೇಬರು ತಲೆಯಾಡಿಸಿದರು, ತಿಳಿಸುತ್ತೇವೆ ಎಂದರು. ಮರಳುವ ಬಸ್ಸಿನಲ್ಲಿ ಅಕ್ಕ ನನ್ನ ಕೈ ಬಿಡಲಿಲ್ಲ. "ಎಲ್ಲಾ ತಿಳೀತ್ರಿ ಬಾಯಾರ, ಒಂದೂ ಶಬ್ದ ಬಿಡದಂಗ ತಿಳೀತು!" ಎಂದು ಸಂಭ್ರಮಪಟ್ಟರು. ಕೆಲಸ ಕೈತಪ್ಪಿತೆಂದು ಅನ್ನಿಸಿದ್ದರೂ ನಾನು ಹೂಂ ಹೂಂ ಎಂದೆ.

ಒಂದು ಸಂಜೆ ಸೂಪರ್‌ವೈಸರ್ ತಲೆ ತಗ್ಗಿಸಿಕೊಂಡು ಬಂದರು. "ಅಡಗಿ ಭಾಳ ಛಲೋ ಅದ ಅಂದ್ರು ಅಕ್ಕಾರ. ಆದರ ಜವಾಬ್ದಾರಿ ಹೊರೂ ಮನಷ್ಯಾಳಲ್ಲ ಅಂತ ಬ್ಯಾರೆಯವರಿಗಿ ಕೊಟ್ಟಾರ."

ಜವಾಬ್ದಾರಿ ಹೊರುವವರಲ್ಲವಂತೆ! ನನಗೆ ಇವತ್ತಿಗೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ. ಯಾರ ಮೇಲೆ ಸಿಟ್ಟು ಮಾಡಲಿ? ಸಾಹೇಬರು ಕೆಟ್ಟವರಲ್ಲ. ಅವರ ಲೋಕದಲ್ಲಿ 'ನಾನು' ಎನ್ನದವರಿಗೆ ಜಾಗ ಇರಲಿಲ್ಲ, ಅಷ್ಟೇ. ಅಕ್ಕ, "ಹೋಗ್ಲಿ ಬಿಡ್ರಿ, ಅಂವ ಬ್ಯಾರೆ ಕಡೆ ನಡಸ್ತಾನ," ಎಂದರು. ಆದರೆ ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆಯೆದ್ದರೂ ಅವರಿಗೆ ಅದರ ಪರಿವೆಯಿರಲಿಲ್ಲ. ನಾನೇ ಎದ್ದು ಅದನ್ನು ತೆಗೆದೆ.

ದೀಪಾವಳಿಗೆ ಮುಂಚೆ ಅಕ್ಕ, ನಾನೀಗ ಇರುವ ಊರಿನ ಹತ್ತಿರದ ವೇರೂಳಿಗೆ, ತಂಗಿಯ ಮಗಳ ಮನೆಗೆ ಹೊರಟುಹೋದರು. ಅಲ್ಲಿಯ ಮಹಾದೇವನ ಗುಡಿಗೆ ಬರುವ ಯಾತ್ರಿಕರಿಗೆ ರೊಟ್ಟಿ ಮಾಡುತ್ತಿದ್ದಾರೆ ಎಂದು ಸೂಪರ್‌ವೈಸರ್ ಆಮೇಲೆ ಹೇಳಿದ್ದರು. ನನಗೆ ವಾಪಸ್ಸು ಕರ್ನಾಟಕಕ್ಕೆ ವರ್ಗವಾಯಿತು, ಮದುವೆ, ಮಗು... ವರ್ಷಗಳು ಹೇಗೆ ಸರಿದವೋ. ಮತ್ತೆ ಮಹಾರಾಷ್ಟ್ರಕ್ಕೆ, ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಈ ಊರಿಗೆ ಹಾಕಿದಾಗ ನನಗೆ ಹಿಗ್ಗೋ ಹಿಗ್ಗು. ಮನೆಯ ಗಂಟುಮೂಟೆ ಬಿಚ್ಚುವ ಮೊದಲೇ ವೇರೂಳಿನ ಬಸ್ಸು ಹಿಡಿದೆ.

ಗುಡಿಯಿಂದ ಸ್ವಲ್ಪ ದೂರದಲ್ಲಿ ತಗಡಿನ ಚಪ್ಪರ. ಒಳಗೆ ಯಾತ್ರಿಕರ ಪಂಕ್ತಿ. ರೊಟ್ಟಿ ಬಡಿಯುವ ಸದ್ದು ಕೇಳಿ ಕಾಲು ಚುರುಕಾದವು. ಒಲೆಯ ಮುಂದೆ ಕೂತಿದ್ದವಳು ಅಕ್ಕನಲ್ಲ, ತಂಗಿಯ ಮಗಳು. ಅಕ್ಕ ಹೋಗಿ ಆಗಲೇ ಒಂದು ಮಳೆಗಾಲ ಕಳೆದಿತ್ತು. ಮೂಲೆಯಲ್ಲಿ ಎಲೆಯ ಮೇಲೆ ಬಿಸಿ ರೊಟ್ಟಿಯೊಂದು ಬೇರೆ ಇಟ್ಟಿತ್ತು. ನಾನು ಅಲ್ಲೇ ಹಲಗೆಯ ಮೇಲೆ ಕೂತು ಅತ್ತೆ. ಅವಳು ನೀರು ತಂದುಕೊಟ್ಟಳು.

ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ, "ಈಗ ಇದನ್ನ ಯಾರು ನಡಸ್ತಾರವ್ವಾ?"

"ಮಾವಶೀನೇ ರೀ," ಎಂದಳು, ಮರಾಠಿಯ ನಡುವೆ ಕನ್ನಡ ಹುಡುಕಿಕೊಂಡು. ಮಾವಶಿ ಎಂದರೆ ಅವಳ ದೊಡ್ಡಮ್ಮ, ನಮ್ಮ ಅಕ್ಕ.

"ಈಗ ಅಂದ್ನಿ. ಅವರು ಹೋದ ಮ್ಯಾಲ."

"ಹೌದ್ರಿ, ಈಗೂ ಮಾವಶೀನೇ ನಡಸ್ತಾಳ. ನಾವು ಫಕ್ತ ರೊಟ್ಟಿ ಬಡೀತೀವಿ."

ಡಬ್ಬಿ ಕೆರೆದ ದಿನ ಸಂಜೆ ಮಗಳು ಗಿರಣಿಯಿಂದ ಹಿಟ್ಟು ಹಾಕಿಸಿಕೊಂಡು ಬಂದಳು. ಬಿಸಿ ಇನ್ನೂ ಆರಿರಲಿಲ್ಲ. ಡಬ್ಬಿ ತುಂಬಿದೆ, ಈಗ ಆ ತಳದ ವಾಸನೆ ಇಲ್ಲ. ಹಿಟ್ಟಿಗೆ, ಉಪ್ಪಿಗೆ, ಅನ್ನಕ್ಕೆ ಹೇಳುವ 'ಹೆಚ್ಚಾಗಿದೆ' ಎಂಬ ಒಳ್ಳೆಯ ಮಾತನ್ನು ಅಕ್ಕನಿಗೂ ಹೇಳಲು ಎಷ್ಟೋ ಸಲ ನೋಡಿದ್ದೇನೆ. ಬಾಯಿ ಬರುವುದಿಲ್ಲ. ಅಕ್ಕ ಇಲ್ಲ.