ತಲೆಕೆಳಗು ಹಿಡಿದರೂ ಬೀಳದ ಒರೆ

ನನ್ನ ಮಚ್ಚು ಸಿರಾದ ಒಂದು ಕುಲುಮೆಯಲ್ಲಿ ಹುಟ್ಟಿದ್ದು. ಲಾರಿಯ ಸ್ಪ್ರಿಂಗ್ ಪಟ್ಟಿ ಕಡಿದು, ಕೆಂಪಗೆ ಕಾಯಿಸಿ ಬಡಿದದ್ದು. ಅವತ್ತು ಕುಲುಮೆಗೆ ಗಾಳಿ ಊದುವ ಚಕ್ರ ತಿರುಗಿಸಿದವನು ನಾನೇ. ಹಾಗಾಗಿ ಅರ್ಧ ನನ್ನ ಕೈಕೆಲಸ ಅಂತಲೇ ಎಲ್ಲರ ಹತ್ತಿರ ಹೇಳಿಕೊಳ್ಳುತ್ತೇನೆ. ಮೊಳಕ್ಕೆ ನಾಕು ಬೆರಳು ಕಮ್ಮಿ ಉದ್ದ, ತುದಿಯಲ್ಲಿ ಗಿಣಿಮೂತಿಯ ಹಾಗೆ ಸ್ವಲ್ಪ ಬಾಗು, ಹುಣಸೆ ಮರದ ಹಿಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತೆಂಗಿನ ಮರ ಹತ್ತಿದವನು ನಾನು. ಬರಗೂರಿನಿಂದ ಕಳ್ಳಂಬೆಳ್ಳದವರೆಗೂ ಎಷ್ಟು ತೋಟದ ಕಾಯಿ ಈ ಕೈಯಲ್ಲಿ ಇಳಿದಿದೆಯೋ ಲೆಕ್ಕ ಇಟ್ಟವರಿಲ್ಲ. ಕಾಯಿ ಕೀಳಲು ನನ್ನನ್ನು ಒಮ್ಮೆ ಕರೆದವರು ಇನ್ನೊಬ್ಬನನ್ನು ಕರೆದದ್ದಿಲ್ಲ. ಇದನ್ನು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ.

ನಮ್ಮ ಕಡೆ ಮರ ಹತ್ತುವವನು ಯಾವನೂ ಮಚ್ಚಿಗೆ ಒರೆ ಹಾಕಿದ್ದು ನಾನು ಕಂಡಿರಲಿಲ್ಲ. ಒರೆ ಅನ್ನುವುದು ನಾಟಕದ ರಾಜನ ಕತ್ತಿಗೆ ಇರುವಂಥದ್ದು. ನಾವು ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಂಡು ಹತ್ತುತ್ತೇವೆ, ಗೊನೆ ಕಡಿಯುತ್ತೇವೆ, ಮತ್ತೆ ಸಿಕ್ಕಿಸಿಕೊಂಡು ಇಳಿಯುತ್ತೇವೆ.

ಬುಡದಲ್ಲಿ ಕಾಯಿ ಗುಡ್ಡೆ ಹಾಕುವವಳು ನನ್ನ ಹೆಂಡತಿ. ಅವಳು ನನ್ನ ಅಕ್ಕನ ಮಗಳೇ. ಮದುವೆಗೆ ಮೊದಲು ಮಾವ ಅಂತಿದ್ದವಳು ಇವತ್ತಿಗೂ ಮಾವ ಅಂತಲೇ ಕರೆಯುತ್ತಾಳೆ. ಗೊನೆ ಬೀಳುವಾಗ ದೂರ ನಿಂತಿದ್ದು, ಕೊನೆಯ ಕಾಯಿ ಬಿದ್ದ ಮೇಲೆ, ನಾನು ಇಳಿಯುತ್ತಿರುವಾಗಲೇ ಬುಡಕ್ಕೆ ಬಂದು ಬಾಗಿಬಿಡುತ್ತಾಳೆ. ನಾನು ನೆಲ ಮುಟ್ಟುವ ಹೊತ್ತಿಗೆ ಅರ್ಧ ಕಾಯಿ ಗುಡ್ಡೆಯಾಗಿರುತ್ತದೆ. ನಮ್ಮ ಕೆಲಸದ ಓಟ ಇರುವುದೇ ಅದರಲ್ಲಿ.

ಅವತ್ತು ಕಳ್ಳಂಬೆಳ್ಳದ ಕೆರೆ ಹಿಂದಿನ ತೋಟ. ಗೊನೆ ಎಲ್ಲ ಇಳಿಸಿ, ಮಚ್ಚು ಸಿಕ್ಕಿಸಿಕೊಂಡು ಅರ್ಧ ಮರ ಇಳಿದಿದ್ದೆ. ಕುತ್ತಿಗೆಗೆ ಒಂದು ಕೆಂಜಿಗ ಕಚ್ಚಿತು. ಮೈ ಕೊಸರಿದೆ. ಬೆನ್ನ ಹಿಂದೆ ಹಗುರ ಅನ್ನಿಸಿತು, ಅಷ್ಟೆ. ಕೆಳಗೆ ನೋಡಿದರೆ ಮರದ ಪಾತಿಯ ಹಸಿ ಮಣ್ಣಿನಲ್ಲಿ ಮಚ್ಚು ನೆಟ್ಟಗೆ ನಿಂತಿದೆ. ಅವಳ ಬಾಗಿದ ತಲೆಗೂ ಅದಕ್ಕೂ ಒಂದು ಹೆಜ್ಜೆ.

ಅವಳು ಮಚ್ಚು ಕಿತ್ತುಕೊಂಡು, ಸೆರಗಿನಲ್ಲಿ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ಕಡೆ ನಡೆದಳು.

"ಲೇ, ಮಚ್ಚು ಕೊಡೇ! ಇನ್ನೂ ಅರ್ಧ ತೋಟ ಐತೆ!" ಅಂತ ಮರದ ಮೇಲಿಂದಲೇ ಕೂಗಿದೆ.

"ಅರ್ಧ ತೋಟಕ್ಕೆ ಇನ್ನೊಬ್ಳ್ನ ಕಟ್ಕೋ ಮಾವ. ನಂಗಿರೋದು ಒಂದೇ ತಲೆ."

ಮನೆಗೆ ಬಂದು ನೋಡಿದರೆ ಮಚ್ಚು ಅವಳ ಮದುವೆ ಸೀರೆ ಇಡುವ ಟ್ರಂಕು ಸೇರಿತ್ತು. ಬೀಗದ ಕೈ ಅವಳ ಮಾಂಗಲ್ಯದ ಪಿನ್ನಿಗೆ ನೇತಾಡುತ್ತಿತ್ತು. ಮುದ್ದೆ ಬಡಿಸುತ್ತಾ ತೀರ್ಪು ಹೇಳಿದಳು: "ಮಚ್ಚಿಗೆ ಒರೆ ಮಾಡ್ಸು. ಮಚ್ಚು ಅದರೊಳಗೆ ಹಾಕಿ ತಲೆಕೆಳಗು ಹಿಡ್ದು ಅಲ್ಲಾಡಿಸ್ತೀನಿ. ಬೀಳಲಿಲ್ಲ ಅಂದ್ರೆ ಮರದ ಬುಡಕ್ಕೆ ಬತ್ತೀನಿ. ಬಿತ್ತೋ, ಬರಕಿಲ್ಲ."

ನನಗೆ ನಗು ಬಂತು. ಇದೇನು ದೊಡ್ಡ ಮಾತು ಅಂದುಕೊಂಡೆ. ಮಾರನೇ ದಿನ ಯಾರದೋ ಮಚ್ಚು ಇಸಕೊಂಡು, ಪಕ್ಕದ ಮನೆಯವನನ್ನು ಕರಕೊಂಡು ಕಾಯಿ ಕೀಳಲು ತಾವರೆಕೆರೆಗೆ ಹೋದೆ. ಬೇರೆಯವರ ಮಚ್ಚು ಬೇರೆಯವರ ಚಪ್ಪಲಿ ಇದ್ದ ಹಾಗೆ, ನಡೆಯಬಹುದು, ಓಡಲಾಗದು. ಪಕ್ಕದ ಮನೆಯವನಂತೂ ಗೊನೆ ಬೀಳುವ ಜಾಗದಲ್ಲೇ ನಿಂತು ಮೊಬೈಲಿನಲ್ಲಿ ಭಾವಮೈದುನನ ಜತೆ ಹರಟುತ್ತಿದ್ದ. ಅವನನ್ನು ಕಾಯುವುದೇ ನನಗೆ ಕೆಲಸವಾಯಿತು. ಸಂಜೆ ಮನೆಗೆ ಬಂದಾಗ ಅವಳು ನನ್ನ ಮುಖ ನೋಡಿ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅವಳು ಬುಡದಲ್ಲಿ ಇಲ್ಲದಿದ್ದರೆ ನನ್ನ ಕೆಲಸ ನಡೆಯುವುದಿಲ್ಲ ಅಂತ ನನಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

ಒರೆ ಮಾಡಬೇಕಾದರೆ ಮಚ್ಚು ಎದುರಿಗಿರಬೇಕು. ಕೇಳಿದ್ದರೆ ಕೊಡುತ್ತಿದ್ದಳೇನೋ. ಆದರೆ ನನ್ನ ಮಚ್ಚನ್ನು ನಾನು ಕೇಳಿ ಇಸಕೊಳ್ಳುವುದೇ? ದಿನಾ ಬೆಳಿಗ್ಗೆ ಮಸೆಯುವ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಅದನ್ನು ಮಸೆದವನು ನಾನು. ಕಣ್ಣು ಮುಚ್ಚಿದರೂ ಅದರ ಮೈ ಕಾಣುತ್ತದೆ. ಟೊಮೆಟೊ ಬಾಕ್ಸಿನ ಹಲಗೆ ತಗೊಂಡು ಇದ್ದಿಲಿನಲ್ಲಿ ಮಚ್ಚಿನ ಅಲಗು ಬರೆದೆ. ಬಾಗು, ಹೊಟ್ಟೆ, ಬೆನ್ನು ಒಂದೂ ಬಿಡಲಿಲ್ಲ. ಗರಗಸದಲ್ಲಿ ಕೊಯ್ದು, ಅಂಚು ತೀಡಿ, ಎತ್ತಿ ಹಿಡಿದು ನೋಡಿದರೆ ಥೇಟ್ ನನ್ನ ಮಚ್ಚೇ.

ಆಮೇಲೆ ಬೋರ್‌ವೆಲ್ಲಿಗೆ ಹಾಕಿ ಉಳಿದಿದ್ದ ಪಿವಿಸಿ ಪೈಪಿನ ತುಂಡು ತಂದು ತೆಂಗಿನ ಮಟ್ಟೆ ಬೆಂಕಿಗೆ ಹಿಡಿದೆ. ಅದು ಬೆಂದ ಬದನೆಕಾಯಿಯ ಹಾಗೆ ಮೆತ್ತಗಾದಾಗ ಹಲಗೆ ಒಳಗೆ ತೂರಿಸಿ, ಮೇಲೆ ಬೀಸುವ ಕಲ್ಲು ಇಟ್ಟೆ. ಆರಿದ ಮೇಲೆ ಒರೆ ತಯಾರು. ಬೆಲ್ಟು ಹೋಗಲು ಎರಡು ತೂತೂ ಕೊರೆದೆ. ಇಡೀ ಬೀದಿ ಬಂದು ನೋಡಿತು.

ಅವಳು ಟ್ರಂಕು ತೆಗೆದು ಮಚ್ಚು ತಂದಳು, ಒರೆಗೆ ಹಾಕಿದಳು, ತಲೆಕೆಳಗು ಮಾಡಿದಳು. ಅಲ್ಲಾಡಿಸುವ ಕಷ್ಟವನ್ನೂ ಅದು ಕೊಡಲಿಲ್ಲ. ಠಣ್ ಅಂತ ಚಪ್ಪಡಿ ಮೇಲೆ ಬಿತ್ತು.

"ಪೈಪು ಜಾರ್ತದೆ ಕಣೇ," ಅಂದೆ. "ಅದರ ಗುಣ ಅದು. ಚರ್ಮ ಆದ್ರೆ ಕಚ್ಕೊಂತದೆ."

"ಏನಾದ್ರೂ ಕಚ್ಕೊಳ್ಳಲಿ," ಅಂತ ಮಚ್ಚು ಎತ್ತಿಕೊಂಡು ಮತ್ತೆ ಟ್ರಂಕಿಗೆ ಹಾಕಿ ಬೀಗ ಜಡಿದಳು.

ಚರ್ಮ ಹುಡುಕಿಕೊಂಡು ಸಿರಾಕ್ಕೆ ಹೋದೆ. ಬ್ಯಾಗು ಹೊಲಿಯುವ ಅಂಗಡಿಯವನು ನನ್ನ ಹಲಗೆ ನೋಡಿ ನಕ್ಕ. "ಅರೇ ಭಾಯ್, ಚಮ್ಡಾ ಎಲ್ಲೈತೆ ಈಗ? ಇಲ್ಲಿರೋದೆಲ್ಲ ರೆಕ್ಸಿನ್. ಮಚ್ಚು ಹಾಕಿದ್ರೆ ಸಂಜೆಗೆ ಬನಿಯನ್ ಥರಾ ಹರೀತದೆ. ಮಧುಗಿರೀಗೆ ಹೋಗು. ಬಸ್‌ಸ್ಟ್ಯಾಂಡ್ ಹತ್ರ ಒಬ್ಬ ತಾತ ಅವ್ನೆ, ಇನ್ನೂ ಚರ್ಮ ಮುಟ್ತಾನೆ."

ಆ ತಾತ ಪಾವಗಡದ ಕಡೆಯವನು. ಕೊಡೆ ಕೆಳಗೆ ಕೂತು, ಮಾತಿನಲ್ಲಿ ಅರ್ಧ ಕನ್ನಡ ಅರ್ಧ ತೆಲುಗು ಕಲಸುತ್ತಿದ್ದ. ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ, "ಏಮಯ್ಯಾ, ಮಚ್ಚು ಏದೀ, ಎಲ್ಲಿ? ಕತ್ತಿ ಮನೇಲಿಟ್ಟು ಹಲಗೆ ತಂದಿದ್ದೀಯಲ್ಲ, ಹೆಣ್ಣು ನೋಡೋಕೆ ಹೋದೋನು ಫೋಟೋ ನೋಡಿ ಬಂದಂಗೆ?"

"ಹಲಗೇನೇ ಮಚ್ಚು ತಾತ. ಒಂದು ಕೂದಲು ಆಚೆ ಈಚೆ ಇಲ್ಲ."

"ನಿನ್ನಿಷ್ಟಂ."

ಎಮ್ಮೆ ಚರ್ಮದ ದಪ್ಪ ತುಂಡು ತೆಗೆದು, ಹಲಗೆಯ ಸುತ್ತ ಗುರುತು ಹಾಕಿ ಕತ್ತರಿಸಿದ. ಎರಡು ಪದರದ ಅಂಚಿನ ನಡುವೆ ಚರ್ಮದ ಇನ್ನೊಂದು ಪಟ್ಟಿ ಇಟ್ಟ. ಯಾಕೆ ಅಂದೆ. ಅಲಗು ಹೊಲಿಗೆಯ ದಾರಕ್ಕೆ ತಾಗಬಾರದಲ್ಲ ಅಂದ. ದಬ್ಬಳದಲ್ಲಿ ತೂತು ಮಾಡಿ ಮೇಣ ಸವರಿದ ದಾರದಲ್ಲಿ ಹೊಲಿದ. ನೋಡುತ್ತಾ ಕೂತವನಿಗೆ ಬಸ್ಸು ಹೋದದ್ದೇ ಗೊತ್ತಾಗಲಿಲ್ಲ. ಒಳ್ಳೆಯ ಕೆಲಸ ನಡೆಯುವ ಕಡೆ ಎದ್ದು ಹೋಗಲು ನನ್ನ ಕೈಲಿ ಆಗುವುದಿಲ್ಲ.

ಮನೆಗೆ ತಂದು ಜಗಲಿ ಮೇಲಿಟ್ಟೆ. ಅವಳಿಗೂ ಹಿಡಿಸಿತು. ಮೂಸಿ ನೋಡಿ, "ಹೊಸ ಚಪ್ಪಲಿ ವಾಸ್ನೆ," ಅಂದಳು. ಮಚ್ಚು ತಂದು ಹಾಕಿದಳು. ತಲೆಕೆಳಗು ಮಾಡಿದಳು. ಕಚ್ಚಿಕೊಂಡಿತು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಸಲ ಕುಲುಕಿದಳು. ಮಚ್ಚು ಜಗಲಿಯಿಂದ ಹಾರಿ ಅಂಗಳದ ಕೋಳಿಗಳನ್ನೆಲ್ಲ ಬೇಲಿ ದಾಟಿಸಿತು.

"ಆ ಮುದುಕನ ಕೈ ನಡುಗ್ತದೆ," ಅಂತ ಬೈದೆ. "ಅಳತೆ ತಪ್ಪಿದಾನೆ. ನಾಳೆ ಹೋಗಿ ಕೇಳ್ತೀನಿ."

"ನಾನೂ ಬತ್ತೀನಿ," ಅಂದಳು. "ಮಚ್ಚೂ ಬತ್ತದೆ. ಆದ್ರೆ ನನ್ನ ಕೈಲೇ ಇರ್ತದೆ."

ಮಚ್ಚನ್ನು ಗೋಣಿ ಚೀಲದಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವವಳ ಹಾಗೆ ಬಸ್ಸಿನಲ್ಲಿ ಕೂತಳು. ಟಿಕೆಟು ಕೊಡುತ್ತಾ ಕಂಡಕ್ಟರು, "ಅದೇನಮ್ಮಾ ಮೊಣಕಾಲಿಗೆ ತಾಗ್ತಾ ಐತೆ?" ಅಂತ ಕೇಳಿದ.

"ನಮ್ಮ ಯಜಮಾನ್ರ ಹಲ್ಲು ಕಣಪ್ಪಾ. ಕಿತ್ತು ನಾನೇ ಇಟ್ಕೊಂಡಿದೀನಿ."

ಹಿಂದಿನ ಸೀಟಿನವರೆಲ್ಲ ನಕ್ಕರು. ನಾನು ಕಿಟಕಿಯಾಚೆ ಬೆಟ್ಟ ನೋಡಿದೆ.

ಮಧುಗಿರಿಯಲ್ಲಿ ಇಳಿದು ನೇರ ತಾತನ ಕೊಡೆ ಕೆಳಗೆ ಹೋದೆವು. ನಾನು ಜೋರು ಮಾಡುವ ಮೊದಲೇ ಅವನು ಅವಳನ್ನು ನೋಡಿ, "ರಾ ತಲ್ಲೀ, ಬಾ ತಾಯಿ, ಕೂಕೋ," ಅಂತ ಗೋಣಿ ಹಾಸಿದ. ಅವಳು ಚೀಲ ಬಿಚ್ಚಿ ಮಚ್ಚು ಕೊಟ್ಟಳು, ನಾನು ಒರೆಯನ್ನೂ ಹಲಗೆಯನ್ನೂ ಮುಂದಿಟ್ಟೆ. ಅವನು ನನ್ನ ಹಲಗೆಯನ್ನು ಕೆಳಗಿಟ್ಟು ಅದರ ಮೇಲೆ ಮಚ್ಚು ಇಟ್ಟ.

ಹಿಡಿಯ ಹತ್ತಿರ ಎರಡೂ ಒಂದೇ. ಬೆನ್ನಿನ ಉದ್ದಕ್ಕೂ ಒಂದೇ. ಆದರೆ ಅಲಗಿನ ಹೊಟ್ಟೆಯ ಕಡೆ, ಮಚ್ಚಿನಾಚೆಗೆ ಹಲಗೆ ಒಂದು ಹೆಬ್ಬೆರಳಗಲ ಹೊರಗೆ ಕಾಣುತ್ತಿತ್ತು. ತುದಿಯ ಗಿಣಿಮೂತಿಯೂ ಹಲಗೆಯಲ್ಲಿ ಇದ್ದಷ್ಟು ಮಚ್ಚಿನಲ್ಲಿ ಇರಲಿಲ್ಲ.

ನಾನು ಮಚ್ಚು ತಿರುಗಿಸಿ ಇಟ್ಟು ನೋಡಿದೆ. ಅದೇ.

ಆಗ ಹೊಳೆಯಿತು. ನಾನು ಬರೆದದ್ದು ಕುಲುಮೆಯಿಂದ ಆಚೆ ಬಂದ ದಿನದ ಮಚ್ಚನ್ನು. ಮೊದಲ ದಿನ ನೋಡಿದ್ದೇ ಕಣ್ಣಲ್ಲಿ ನಿಂತುಬಿಟ್ಟಿತ್ತು. ಆಮೇಲೆ ಪ್ರತಿ ಬೆಳಿಗ್ಗೆ ಮಸೆಯುವಾಗ ನೋಡಿದ್ದು ಅಂಚಿನ ಹೊಳಪನ್ನು ಮಾತ್ರ. ಮಸೆಯುವ ಹಲಗೆ ಮೇಲಿನ ಕಪ್ಪು ಕೆಸರನ್ನು ನೀರು ಹಾಕಿ ತೊಳೆಯುತ್ತಿದ್ದೆ. ಅದು ಮಚ್ಚೇ ಕರಗಿದ್ದು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

"ಅಲ್ಲ ಮಾವ," ಅಂದಳು ಅವಳು, "ದಿನಾ ಅಷ್ಟೊಂದು ಉಜ್ತಿದ್ದೆಯಲ್ಲ, ಅದೆಲ್ಲ ಎಲ್ಲಿಗೋಯ್ತು ಅಂದ್ಕೊಂಡಿದ್ದೆ?"

ತಾತ ಹೊಟ್ಟೆ ಹಿಡಿದುಕೊಂಡು ನಕ್ಕ. "ತಲ್ಲೀ, ಇವನ ಮದುವೆ ಷರ್ಟು ಇನ್ನೂ ಮನೇಲೈತಾ? ಇವತ್ತೂ ಹಿಡಿಸ್ತದೆ ಅಂತಾನೆ ನೋಡು!"

"ಅಂತಾನೆ ತಾತ, ಹಬ್ಬ ಹಬ್ಬಕ್ಕೂ ಅಂತಾನೆ. ಗುಂಡಿ ಹುಡುಕೋದು ನಾನು."

ಇಬ್ಬರೂ ಸೇರಿಬಿಟ್ಟರು. ನಾನೂ ನಕ್ಕೆ. ಮುದುಕನ ಕೈ ನಡುಗುತ್ತದೆ ಅಂದ ಮಾತನ್ನು ಅವಳು ಅಲ್ಲೇ ಅವನಿಗೆ ಹೇಳಿಯೂ ಬಿಟ್ಟಳು. ಅವನು ದಬ್ಬಳ ನನ್ನ ಕಡೆ ಚಾಚಿ, "ನಡುಗೋ ಕೈ ನೋಡು," ಅಂತ ಒರೆಯ ಹೊಲಿಗೆ ಬಿಚ್ಚಲು ಶುರು ಮಾಡಿದ.

ಚರ್ಮವನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿದ. ಮಚ್ಚಿಗೆ ಹರಳೆಣ್ಣೆ ಸವರಿ ಹಾಲಿನ ಪ್ಲಾಸ್ಟಿಕ್ ಕವರು ಸುತ್ತಿದ. ಈಗ ಹಲಗೆ ಇಲ್ಲ, ಮಚ್ಚಿನ ಮೈಗೇ ಒದ್ದೆ ಚರ್ಮ ಒತ್ತಿ, ಹೆಬ್ಬೆರಳಲ್ಲಿ ತೀಡಿ ತೀಡಿ ಕೂರಿಸಿದ. ಮಿಕ್ಕಿದ್ದು ಕತ್ತರಿಸಿ ಹೊಸದಾಗಿ ಹೊಲಿದ. ಒರೆಯ ಬಾಯಿಯ ಹತ್ತಿರ ಮಚ್ಚಿನ ಹಿಡಿಯನ್ನು ಸುತ್ತಿ ಹಿಡಿಯುವ ಒಂದು ಪಟ್ಟಿ ಇಟ್ಟು ಅದಕ್ಕೆ ಹಿತ್ತಾಳೆ ಗುಂಡಿ ಹಾಕಿದ. ಹೆಬ್ಬೆರಳಿನಲ್ಲಿ ಒತ್ತಿದರೆ ಟಕ್ ಅಂತ ಕೂರುತ್ತದೆ, ಒಂದೇ ಕೈಯಲ್ಲಿ ಬಿಚ್ಚಬಹುದು.

"ಮಚ್ಚು ಒಳಗೇ ಇರ್ಲಿ, ಪೂರ್ತಿ ಒಣಗೋವರೆಗೂ," ಅಂದ. "ನೆರಳಲ್ಲಿ. ಬಿಸಿಲಿಗಿಟ್ಟರೆ ಹಪ್ಳ ಆಗ್ತದೆ. ತಲ್ಲೀ, ನಿನ್ ಟ್ರಂಕಲ್ಲಿ ಬೇಡ, ಗಾಳಿ ಆಡ್ಬೇಕು." ಟ್ರಂಕಿನ ಕತೆಯನ್ನೂ ಅವನಿಗೆ ಹೇಳಿದ್ದಳು ಅಂತ ಗೊತ್ತಾಯಿತು.

ಬಂದದ್ದು ಬಂದೆವು ಅಂತ ಹೋಟೆಲಿನಲ್ಲಿ ಬಿಸಿ ಚಿತ್ರಾನ್ನ ತಿಂದೆವು. ಅವಳು ಕಡಲೆಬೀಜ ಆರಿಸಿ ಆರಿಸಿ ನನ್ನ ತಟ್ಟೆಗೆ ಹಾಕಿದಳು. ಕೋಪ ಇಳಿದಿದೆ ಅಂತ ಲೆಕ್ಕ.

ಒರೆ ಅಡುಗೆಮನೆಯ ತೊಲೆಗೆ ನೇತಾಡಿತು. ಒಣಗಿದ ದಿನ ಅವಳು ಅದನ್ನು ಅಂಗಳಕ್ಕೆ ತಂದು, ಕೋಳಿಗಳನ್ನು ಮೊದಲೇ ಓಡಿಸಿ, ಗುಂಡಿ ಹಾಕದೆಯೇ ತಲೆಕೆಳಗು ಹಿಡಿದಳು. ಕುಲುಕಿದಳು. ಎರಡು ಕೈಯಲ್ಲೂ ಹಿಡಿದು ಮೊರದಲ್ಲಿ ರಾಗಿ ಒನೆಯುವ ಹಾಗೆ ಕುಲುಕಿದಳು. ಮಚ್ಚು ಮಿಸುಕಲಿಲ್ಲ. ಆಮೇಲೆ ಗುಂಡಿ ಹಾಕಿ ಇನ್ನೊಂದು ಸಲ ಕುಲುಕಿ ನನ್ನ ಕೈಗೆ ಕೊಟ್ಟಳು.

ಮಾರನೇ ಬೆಳಿಗ್ಗೆ ಕಳ್ಳಂಬೆಳ್ಳದ ಆ ಅರ್ಧ ತೋಟಕ್ಕೇ ಹೋದೆವು. ನಾನು ಹತ್ತಿದೆ. ಅವಳು ಸೆರಗು ಸಿಕ್ಕಿಸಿಕೊಂಡು ದೂರದ ಬದುವಿನ ಮೇಲೆ ನಿಂತಳು. ಗೊನೆಗಳು ಬಿದ್ದವು. ಮಚ್ಚು ಒರೆಗೆ ತೂರಿಸಿ ಗುಂಡಿ ಒತ್ತಿದೆ. ಆ ಟಕ್ ಶಬ್ದ ಅವಳವರೆಗೂ ಕೇಳಿಸಿರಬೇಕು. ನಾನು ಇಳಿಯಲು ಕಾಲು ಇಡುವ ಮೊದಲೇ ಬದುವಿನಿಂದ ಹೊರಟಳು. ಅರ್ಧ ಮರ ಇಳಿಯುವಷ್ಟರಲ್ಲಿ ಪಾತಿಯೊಳಗೆ ಬಂದು, ನನ್ನ ಕೆಳಗೇ ಬಾಗಿ ಕಾಯಿ ಆಯತೊಡಗಿದಳು.

ನಾನು ಅಲ್ಲೇ ನಿಂತೆ. ಅವಳ ಬೈತಲೆ ಕಾಣುತ್ತಿತ್ತು.

"ಯಾಕ್ ನಿಂತ್ಕಂಡೆ?" ಅಂದಳು ತಲೆ ಎತ್ತದೆ.

"ನೀನು ಒಳಗೆ ಬಂದ್ಬುಟ್ಟಿದೀಯಲ್ಲ."

"ಬಂದಿದೀನಿ. ಇಳಿ."

ಇಳಿದೆ. ಆದರೆ ಒಂದೊಂದು ಹೆಜ್ಜೆಗೂ ನನ್ನ ಬಲಗೈ ನನ್ನ ಮಾತು ಕೇಳದೆ ಬೆನ್ನ ಹಿಂದೆ ಹೋಗಿ ಗುಂಡಿ ಮುಟ್ಟಿ ಬರುತ್ತಿತ್ತು. ಕೊನೆಗೆ ಅವಳೇ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದಳು.

"ಮಾವ, ಮಚ್ಚು ಬೀಳಕಿಲ್ಲ, ನೀನು ಬೀಳ್ತೀಯ! ಎರಡು ಕೈಲೂ ಮರ ಹಿಡ್ಕೋ!"